ಅಜ್ಜಿಯ ಬಿಪಿ ಮಾತ್ರೆ

ಬೆಲ್ವ್ಯೂ ಡೌನ್‌ಟೌನ್ ಪಾರ್ಕಿಗೆ ಬೇಸಿಗೆಯಲ್ಲಿ ಸಂಜೆ ಐದರ ಹೊತ್ತಿಗೆ ಹೋಗಿ ನೋಡಿ. ನೀರು ಬೀಳುವ ಜಾಗದ ಹತ್ತಿರದ ಬೆಂಚುಗಳಲ್ಲಿ ನಮ್ಮ ಕಡೆಯ ಹಿರಿಯರು ಸೇರಿರುತ್ತಾರೆ. ಮೈಮೇಲೆ ಸೀರೆ, ಅದರ ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ. ಪಾರ್ಕಿನ ದುಂಡು ದಾರಿ ಒಂದು ಸುತ್ತಿಗೆ ಸುಮಾರು ಅರ್ಧ ಮೈಲಿ. ಅರಸೀಕೆರೆ ಹತ್ತಿರದ ಹಳ್ಳಿಯಿಂದ ಬಂದ ನಮ್ಮಜ್ಜಿ ದಿನಾ ನಾಲ್ಕು ಸುತ್ತು ಹಾಕುತ್ತಿದ್ದಳು. ಜೊತೆಗೆ ಒಬ್ಬರು ತೆಲುಗು ಆಂಟಿ. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡುತ್ತಿದ್ದರು, ಜಗಳವಾಗಿದ್ದು ಮಾತ್ರ ನಾನು ನೋಡಿಲ್ಲ.

ಆಗಸ್ಟ್‌ನಲ್ಲಿ ಒಂದು ಸಂಜೆ ಅಜ್ಜಿ ಒಂದೇ ಸುತ್ತಿಗೆ ಕೂತುಬಿಟ್ಟಳು. "ಏನಿಲ್ಲ ಮಗ, ಬಿಸಿಲಿಗೆ ಒಂಚೂರು ತಲೆ ಸುತ್ತು" ಅಂದಳು. ಆಂಟಿ ಕೇಳಲಿಲ್ಲ. ಪಕ್ಕದ ರಸ್ತೆಯಲ್ಲೇ ಇದ್ದ ತಮ್ಮ ಮನೆಗೆ ಕರೆದುಕೊಂಡು ಹೋಗಿ ಬಿಪಿ ಮೆಷಿನ್ ಕಟ್ಟಿದರು. 182/104. ಹತ್ತು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರೂ ಹೆಚ್ಚುಕಮ್ಮಿ ಅಷ್ಟೇ.

"ಮಾತ್ರೆ ತಗೊಂಡೆಯಾ ಅಜ್ಜಿ?"

"ತಗೊಂಡೆ ಕಣೋ."

ನಾನು ನಂಬಿದೆ. ಯಾಕೆ ನಂಬಬಾರದು?

ಅಲ್ಲಿಂದ ಶುರುವಾಯಿತು ನಮ್ಮ ಓಡಾಟ. ಅಜ್ಜಿಯ ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಹಳೇ ಕಾಯಿಲೆಗೆ ದುಡ್ಡು ಬರಲ್ಲ ಅಂತ ಸಣ್ಣಕ್ಷರದಲ್ಲಿ ಬರೆದಿತ್ತು. ಎಮರ್ಜೆನ್ಸಿಗೆ ಹೋದರೆ ಎಷ್ಟಾಗುತ್ತೋ ಅಂತ ಅಪ್ಪನಿಗೆ ಭಯ, ಹೋಗದಿದ್ದರೆ ಏನಾಗುತ್ತೋ ಅಂತ ಅಮ್ಮನಿಗೆ ಭಯ. ಔಷಧಿ ಅಂಗಡಿಯ ಫಾರ್ಮಸಿಸ್ಟ್ ಒಬ್ಬರು ಸಮಾಧಾನವಾಗಿ ಹೇಳಿದರು: ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಕೈಕಾಲು ಸೋಲುವುದು, ಇವುಗಳಲ್ಲಿ ಯಾವುದು ಕಂಡರೂ ದುಡ್ಡಿನ ಲೆಕ್ಕ ಬಿಟ್ಟು 911ಕ್ಕೆ ಫೋನ್ ಮಾಡಿ, ಇಲ್ಲದಿದ್ದರೆ ನಾಳೆಯೊಳಗೆ ಡಾಕ್ಟರಿಗೆ ತೋರಿಸಿ. ಊರಿನ ಚೀಟಿಗೆ ಇಲ್ಲಿ ಮಾತ್ರೆ ಕೊಡಲು ಅವರಿಗೆ ಆಗುವುದಿಲ್ಲ. ಆದರೆ ಅದರ ಮೇಲಿದ್ದ ಕಂಪನಿ ಹೆಸರಿನ ಹಿಂದಿನ ಔಷಧಿಯ ಹೆಸರು ಯಾವುದು ಅಂತ ಒಂದು ಕಾಗದದಲ್ಲಿ ಬರೆದುಕೊಟ್ಟರು.

ಬೆಲ್ವ್ಯೂ ಲೈಬ್ರರಿ ನಾನು ಪರೀಕ್ಷೆಗೆ ಓದುವ ಜಾಗ. ಅಲ್ಲಿಯ ಲೈಬ್ರರಿಯನ್ ಹತ್ತಿರ ಕೇಳಿದ್ದಕ್ಕೆ 211ಕ್ಕೆ ಫೋನ್ ಮಾಡಲು ಹೇಳಿದರು. ಆ ನಂಬರಿನವರು ಕಮ್ಯುನಿಟಿ ಕ್ಲಿನಿಕ್‌ಗಳ ಪಟ್ಟಿ ಕೊಟ್ಟರು. ಇನ್ಶೂರೆನ್ಸ್ ಇಲ್ಲದಿದ್ದರೂ ನೋಡುತ್ತಾರೆ, ಫೀಸು ಆದಾಯಕ್ಕೆ ತಕ್ಕಂತೆ. ಇಂಥವುಗಳಲ್ಲಿ ಒಂದು ಇಂಟರ್‌ನ್ಯಾಷನಲ್ ಕಮ್ಯುನಿಟಿ ಹೆಲ್ತ್ ಸರ್ವಿಸಸ್. 1973ರಲ್ಲಿ ಸಿಯಾಟಲ್‌ನ ಚೈನಾಟೌನ್ ಪ್ರದೇಶದಲ್ಲಿ ಚಿಕ್ಕ ಕ್ಲಿನಿಕ್ ಆಗಿ ಶುರುವಾದ ಅದು 2014ರಲ್ಲಿ ಬೆಲ್ವ್ಯೂಗೂ ಬಂತು. ಎಷ್ಟೋ ವರ್ಷದಿಂದ ಇದೇ ಊರಲ್ಲಿದ್ದೇವೆ, ನಮಗೆ ಇದ್ಯಾವುದೂ ಗೊತ್ತಿರಲಿಲ್ಲ.

ಮಾರನೇ ದಿನ ಒಂದು ಕಮ್ಯುನಿಟಿ ಕ್ಲಿನಿಕ್‌ಗೆ ಹೋದೆವು. ನಾನು ದುಭಾಷಿ ಅಂತ ಎದೆಯುಬ್ಬಿಸಿ ಕೂತೆ. ನರ್ಸ್ ನಗುತ್ತಾ, "ನೀವು ಸ್ವಲ್ಪ ಹೊರಗೆ ಕೂತಿರಿ, ನಾವು ಫೋನಲ್ಲಿ ಇಂಟರ್‌ಪ್ರಿಟರ್ ಕರೆಯುತ್ತೇವೆ" ಅಂದರು. ನನಗೆ ಸ್ವಲ್ಪ ಅವಮಾನವೇ ಆಯಿತು. ಕನ್ನಡ ನನಗಿಂತ ಚೆನ್ನಾಗಿ ಯಾರಿಗೆ ಬರುತ್ತೆ ಇಲ್ಲಿ?

ಇಪ್ಪತ್ತು ನಿಮಿಷದ ಮೇಲೆ ಒಳಗೆ ಕರೆದರು. ಸ್ಪೀಕರ್ ಫೋನಿನಲ್ಲಿ ಧಾರವಾಡದ ಕಡೆಯ ಹೆಣ್ಣುದನಿ: "ಅಜ್ಜಿಯವರು ಒಪ್ಪ್ಯಾರ್ರೀ, ನಿಮಗ ಹೇಳಬಹುದಂತ." ಅಜ್ಜಿ ಒಂದೂವರೆ ತಿಂಗಳಿಂದ ದಿನ ಬಿಟ್ಟು ದಿನ ಮಾತ್ರೆ ನುಂಗುತ್ತಿದ್ದಳು. ಮೂರು ತಿಂಗಳಿಗೆ ಅಂತ ಬಂದವಳನ್ನು ಬಲವಂತ ಮಾಡಿ ಆರು ತಿಂಗಳಿಗೆ ಉಳಿಸಿಕೊಂಡಿದ್ದು ನಾವೇ. ಅವಳು ತಂದ ಮಾತ್ರೆ ಮೂರು ತಿಂಗಳದ್ದು. ಅಪ್ಪ ಯಾರ ಹತ್ತಿರವೋ ಫೋನಲ್ಲಿ ಇಲ್ಲಿಯ ಆಸ್ಪತ್ರೆ ಬಿಲ್ಲಿನ ಮಾತಾಡಿದ್ದು ಅವಳ ಕಿವಿಗೆ ಬಿದ್ದಿತ್ತು. ನನ್ನೆದುರು ಸಾಯುವವರೆಗೂ ಹೇಳುತ್ತಿರಲಿಲ್ಲ. ಮುಖ ಕಾಣದ ಧಾರವಾಡದ ದನಿಗೆ ಎಲ್ಲ ಹೇಳಿಬಿಟ್ಟಿದ್ದಳು.

ವಾಪಸ್ ಬರುವಾಗ ಕಾರಿನಲ್ಲಿ ಬೈದೆ. ಅಜ್ಜಿ ಕಿಟಕಿ ಕಡೆ ನೋಡುತ್ತಾ, "ನಮ್ಮೂರಾಗಿದ್ರೆ ಆಶಾ ಹುಡುಗಿ ಬಾಗಿಲಿಗೇ ಬಂದು ಕೇಳೋಳು. ಇಲ್ಲಿ ಯಾರನ್ನ ಕೇಳ್ಲಿ?" ಅಂದಳು. ಆಮೇಲೆ ಅಜ್ಜನ ಕಥೆ ಹೇಳಿದಳು. 2003ರಲ್ಲಿ ಯಶಸ್ವಿನಿ ಯೋಜನೆ ಬಂದಾಗ ಡೈರಿ ಸೆಕ್ರೆಟರಿ ಮನೆಮನೆ ಸುತ್ತಿ ತಲೆಗೆ ವರ್ಷಕ್ಕೆ 60 ರೂಪಾಯಿ ವಸೂಲಿ ಮಾಡಿದರಂತೆ. ತಿಂಗಳಿಗೆ ಬರೀ ಐದು ರೂಪಾಯಿ. "ಯಾವನಪ್ಪ ಐದು ರೂಪಾಯಿಗೆ ಆಪರೇಷನ್ ಮಾಡ್ತಾನೆ" ಅಂತ ಅಜ್ಜ ನಕ್ಕಿದ್ದರಂತೆ. ಎರಡು ವರ್ಷ ಬಿಟ್ಟು ಅದೇ ಕಾರ್ಡಿನಲ್ಲಿ ಮೈಸೂರಿನಲ್ಲಿ ಅಜ್ಜನ ಹೃದಯದ ಆಪರೇಷನ್ ಆಯಿತು. ಅಲ್ಲೂ ಯಾರೊಬ್ಬರೇ ಮಾಡಿದ ಕೆಲಸವಲ್ಲ ಅದು. ಸದಸ್ಯರನ್ನು ಸೇರಿಸಿದ್ದು ಸಹಕಾರ ಸಂಘ, ಜೊತೆಗೆ ನಿಂತದ್ದು ಸರ್ಕಾರ, ಆಪರೇಷನ್ ಮಾಡಿದ್ದು ಪಟ್ಟಿಯಲ್ಲಿದ್ದ ಆಸ್ಪತ್ರೆ. ಆದರೆ ಅಜ್ಜಿಯ ಕಣ್ಣಲ್ಲಿ ಇವತ್ತಿಗೂ ಅಜ್ಜನನ್ನು ಉಳಿಸಿದ್ದು ಡೈರಿ ಸೆಕ್ರೆಟರಿ. ಯಾಕೆಂದರೆ ಬಾಗಿಲಿಗೆ ಬಂದದ್ದು ಅವರು.

ಈ ಮಾತು ನನ್ನನ್ನು ಬಿಟ್ಟಿಲ್ಲ. ಇಲ್ಲಿ ಸೌಕರ್ಯಗಳಿಗೆ ಕೊರತೆ ಅಂತ ನಾನು ಅಂದುಕೊಂಡಿದ್ದೆ. 2014ರಿಂದ ಸಿಯಾಟಲ್ ಸೆಂಟರ್‌ನಲ್ಲಿ ನಡೆಯುತ್ತಾ ಬಂದಿರುವ ಸಿಯಾಟಲ್-ಕಿಂಗ್ ಕೌಂಟಿ ಕ್ಲಿನಿಕ್ಕನ್ನೇ ನೋಡಿ. ಎಷ್ಟೋ ಸಂಸ್ಥೆಗಳು, ಸ್ವಯಂಸೇವಕರು ಕೈಜೋಡಿಸಿ ನಾಲ್ಕು ದಿನ ಹಲ್ಲು, ಕಣ್ಣು, ಮೈಯನ್ನೆಲ್ಲ ಉಚಿತವಾಗಿ ನೋಡುತ್ತಾರೆ. ಇನ್ಶೂರೆನ್ಸ್ ಕೇಳಲ್ಲ, ಗುರುತಿನ ಚೀಟಿ ಕೇಳಲ್ಲ. ಕ್ಲಿನಿಕ್ ಇದೆ, ಲೈಬ್ರರಿ ಇದೆ, ಫಾರ್ಮಸಿಸ್ಟ್ ಇದ್ದಾರೆ, ಇಂಟರ್‌ಪ್ರಿಟರ್ ಇದ್ದಾರೆ. ಆದರೆ ಪಾರ್ಕಿನ ಬೆಂಚಿಗೂ ಇವರಿಗೂ ನಡುವೆ ಒಂದು ಸೇತುವೆ ಇಲ್ಲ. ನಮ್ಮಲ್ಲಿ ಡೈರಿ ಸೆಕ್ರೆಟರಿ ಇಲ್ಲ.

ಆ ಕೆಲಸ ನಮ್ಮ ಸಂಘ ಮಾಡಬಹುದು ಅಂತ ನನಗನ್ನಿಸುತ್ತದೆ. ಗಣೇಶನ ಹಬ್ಬ, ರಾಜ್ಯೋತ್ಸವಕ್ಕೆ ನಮ್ಮಲ್ಲಿ ಎಷ್ಟು ಜನ ಸೇರುತ್ತಾರೆ! ಊಟದ ಸಾಲಿನ ಪಕ್ಕ ಒಂದು ಮೇಜು ಹಾಕಿದರೆ ಸಾಕು. ನರ್ಸಿಂಗ್, ಫಾರ್ಮಸಿ ಓದುವ ಗೆಳೆಯರು ನಮ್ಮಲ್ಲೇ ಇದ್ದಾರೆ. ಅಂಗೈಯಗಲದ ಒಂದು ಕನ್ನಡ ಕಾರ್ಡು ಮಾಡೋಣ: ಒಂದು ಕಡೆ ನುಂಗುವ ಮಾತ್ರೆಗಳ ಹೆಸರು ಬರೆದುಕೊಳ್ಳಲು ಜಾಗ, ಇನ್ನೊಂದು ಕಡೆ 211, 911, ಮತ್ತು ಎಲ್ಲ ಅಜ್ಜ ಅಜ್ಜಿಯರೂ ಬಾಯಿಪಾಠ ಮಾಡಬೇಕಾದ ಮೂರು ಪದ: "ಕನ್ನಡ ಇಂಟರ್‌ಪ್ರಿಟರ್ ಪ್ಲೀಸ್." ಮನೆಯಲ್ಲಿ ನಾವಂತೂ ಒಂದು ಕೆಲಸ ಇವತ್ತೇ ಮಾಡಬಹುದು. "ಮಾತ್ರೆ ತಗೊಂಡೆಯಾ" ಅಂತ ಕೇಳುವ ಬದಲು "ಇನ್ನೆಷ್ಟು ಮಾತ್ರೆ ಉಳಿದಿವೆ, ತೋರಿಸು" ಅಂತ ಕೇಳೋಣ.

ಅಜ್ಜಿ ಅಕ್ಟೋಬರ್‌ನಲ್ಲಿ ಊರಿಗೆ ಹೋದಳು. ಹೋಗುವ ಮುಂಚೆ ಬಿಪಿ 136/84ಕ್ಕೆ ಬಂದಿತ್ತು. ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ನಾನು ಕೇಳುವ ಮೊದಲೇ ಮಾತ್ರೆಯ ಶೀಟನ್ನು ಕ್ಯಾಮೆರಾ ಹತ್ತಿರ ಹಿಡಿಯುತ್ತಾಳೆ. ಆಮೇಲೆ ಮೊದಲ ಪ್ರಶ್ನೆ ತೆಲುಗು ಆಂಟಿಯದ್ದು: "ಅವಳು ವಾಕಿಂಗ್‌ಗೆ ಒಬ್ಬಳೇ ಹೋಗ್ತಾಳೇನೋ? ನೀನೂ ಹೋಗು ಜೊತೆಗೆ."

ಹೋಗುತ್ತಿದ್ದೇನೆ. ತೆಲುಗು ಇನ್ನೂ ಅರ್ಧಂಬರ್ಧ.