ತೆರೆಯ ಗಣಿತ, ಬಂಡೆಯ ಗಣಿತ

ಪಾಲಾರ್ ನದಿಯ ನೀರನ್ನು ತಡೆದು ಕಟ್ಟಿದ ವಿಶಾಲವಾದ ಕೆರೆಯೊಂದು ಬೇತಮಂಗಲದಲ್ಲಿದೆ. ಅದರ ನಿಶ್ಚಲವಾದ ನೀರಿಗೆ ಬಾಲಕನೊಬ್ಬನು ಕಲ್ಲೆಸೆದರೆ ತೆರೆಗಳು ಬಳೆಬಳೆಯಾಗಿ ಹರಡುತ್ತವೆ. ನೀರಿನ ಎತ್ತರವು ಸ್ಥಳದಿಂದ ಸ್ಥಳಕ್ಕೂ ಕ್ಷಣದಿಂದ ಕ್ಷಣಕ್ಕೂ ಬದಲಾಗುತ್ತದೆ. ಹೀಗೆ ಒಂದಕ್ಕಿಂತ ಹೆಚ್ಚು ಸಂಗತಿಗಳನ್ನು ಅನುಸರಿಸಿ ಬದಲಾಗುವ ಪರಿಮಾಣವನ್ನು ವರ್ಣಿಸುವ ಸೂತ್ರಕ್ಕೆ ಆಂಶಿಕ ಅವಕಲ ಸಮೀಕರಣವೆಂದು ಹೆಸರು.

ಹೆಸರು ಕಠಿಣವಾದರೂ ಅದರ ಅಗತ್ಯವನ್ನರಿಯಲು ಬಹುದೂರ ಹೋಗಬೇಕಾಗಿಲ್ಲ. ಬೇತಮಂಗಲದ ನೀರು ಕೊಳವೆಗಳಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳ ಜನರ ದಾಹವನ್ನು ತಣಿಸಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರನ್ನೂ ಮೀರಿತ್ತು. ಅಷ್ಟು ಆಳದಲ್ಲಿ ಮೇಲಿನ ಬಂಡೆಯ ಭಾರವನ್ನು ತಾಳಲಾರದೆ ಸುರಂಗದ ಗೋಡೆಗಳು ಒಮ್ಮೊಮ್ಮೆ ಥಟ್ಟನೆ ಸಿಡಿಯುತ್ತಿದ್ದವು. ಈ ಶಿಲಾಸಿಡಿತಕ್ಕೆ ಅನೇಕ ಕಾರ್ಮಿಕರು ಬಲಿಯಾದರು. ಎಲ್ಲಿ ಅಗೆದರೆ ಒತ್ತಡವು ಎಲ್ಲಿ ಕೂಡಿಕೊಂಡೀತು? ಇದು ಕೇವಲ ಲೆಕ್ಕವಲ್ಲ, ಜೀವದ ಪ್ರಶ್ನೆ. 1988ರಲ್ಲಿ ಈ ಗಣಿ ಪ್ರದೇಶದಲ್ಲಿಯೇ ಸ್ಥಾಪನೆಯಾದ ರಾಷ್ಟ್ರೀಯ ಶಿಲಾಯಾಂತ್ರಿಕ ಸಂಸ್ಥೆಯು ಇಂತಹ ಪ್ರಶ್ನೆಗಳ ಅಧ್ಯಯನವನ್ನು ಕೈಗೊಂಡಿತು.

ಅಂಕುಡೊಂಕಾದ ಸುರಂಗಗಳ ಸಮೀಕರಣವನ್ನು ಕಾಗದದ ಮೇಲೆ ಬಿಡಿಸುವುದು ಅಸಾಧ್ಯವೆಂದೇ ಹೇಳಬೇಕು. ಗಣಕಯಂತ್ರದ ಉಪಾಯವಾದರೋ ಸರಳ. ಅದು ಇಡೀ ಬಂಡೆಯನ್ನು ಪುಟ್ಟ ಮನೆಗಳಾಗಿ ವಿಂಗಡಿಸುತ್ತದೆ. ಸುಲಭವಾದ ಒಂದು ಉದಾಹರಣೆಯನ್ನು ನೋಡೋಣ. ಅಂಚುಗಳ ಉಷ್ಣತೆಯನ್ನು ಬದಲಾಗದಂತೆ ಇರಿಸಿದ ತಗಡೊಂದನ್ನು ಚೌಕಗಳಾಗಿ ವಿಭಾಗಿಸಿದರೆ, ಕೊನೆಗೆ ಒಳಗಿನ ಪ್ರತಿಯೊಂದು ಚೌಕದ ಉಷ್ಣತೆಯೂ ನಾಲ್ಕು ನೆರೆಮನೆಗಳ ಸರಾಸರಿಗೆ ಬಂದು ನಿಲ್ಲುತ್ತದೆ. ನೆರೆಯವು 80, 40, 30, 10 ಡಿಗ್ರಿಗಳಾದರೆ ನಡುವಿನದು 40. ಅಂಕಿಗಳು ಸ್ಥಿರವಾಗುವವರೆಗೆ ಇದನ್ನು ಎಲ್ಲ ಚೌಕಗಳಿಗೂ ಮತ್ತೆ ಮತ್ತೆ ಮಾಡಬೇಕು. ಒತ್ತಡದ ಲೆಕ್ಕ ಇದಕ್ಕಿಂತ ಜಟಿಲವಾದರೂ ವಿಂಗಡಿಸಿ ಬಿಡಿಸುವ ಮಾರ್ಗ ಒಂದೇ.

ಈ ಕೆಲಸಕ್ಕೆ ಫ್ರೀಫೆಮ್, ಫೀನಿಕ್ಸ್ ಎಂಬ ತಂತ್ರಾಂಶಗಳಿವೆ. ಬಂದ ಉತ್ತರವನ್ನು ಬಣ್ಣದ ಚಿತ್ರವಾಗಿ ತೋರಿಸಲು ಪ್ಯಾರಾವ್ಯೂ ಇದೆ. ಮೂರೂ ಹಣ ತೆರದೆ ದೊರೆಯುವಂಥವು. ಆದರೆ ಆರಿಸುವವನು ತನ್ನ ಸಮಸ್ಯೆ ಯಾವುದೆಂಬುದನ್ನು ಮೊದಲು ತಿಳಿದಿರಬೇಕು. ಉತ್ತರ ಗೊತ್ತಿರುವ ಲೆಕ್ಕವೊಂದನ್ನು ಕೊಟ್ಟು ತಂತ್ರಾಂಶವನ್ನು ಪರೀಕ್ಷಿಸಬೇಕು. ಮನೆಗಳನ್ನು ಇನ್ನೂ ಕಿರಿದಾಗಿಸಿದಾಗ ಉತ್ತರ ಹೆಚ್ಚು ಬದಲಾದರೆ ಅದನ್ನು ನಂಬಬಾರದು.

ಚಿತ್ರ ಸುಂದರವಾದ ಮಾತ್ರಕ್ಕೆ ಸತ್ಯವಾಗದು. ಬಂಡೆಯ ಗುಣವನ್ನು ತಪ್ಪಾಗಿ ಅಳೆದು ಕೊಟ್ಟರೆ, ಅಪಾಯದ ಜಾಗವೂ ಚಿತ್ರದಲ್ಲಿ ಶಾಂತವಾದ ನೀಲಿಯಾಗಿ ಕಂಡೀತು. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅವು ಕಲಿಸಿದ ಎಚ್ಚರ ಉಳಿದಿದೆ. ಲೆಕ್ಕ ಯಂತ್ರದ್ದು, ಅದರ ಹೊಣೆ ಮನುಷ್ಯನದು.