ಚಳಿಗಾಲದ ನೆಂಟರು

ಬಂಗಾರಪೇಟೆಗೆ ವಾಪಸ್ ಬಂದು ಒಂದು ವಾರ ಆಯ್ತು ಕಣಮ್ಮಾ. "ಮಗನ ಮನೇಲೇ ಇದ್ಬಿಡ್ಬಾರ್ದಾ?" ಅಂತ ಕೇಳಿದೋರಿಗೆಲ್ಲ ಹೇಳಿ ಹೇಳಿ ಸಾಕಾಗಿ ಬರೀತಾ ಇದ್ದೀನಿ.

ಬೆಂಗಳೂರಲ್ಲಿ ಮಗನ ಮನೆ ಹದಿನಾಲ್ಕನೇ ಮಹಡಿ. ಬಾಲ್ಕನಿ ತುಂಬ ಪಾರಿವಾಳದ ಗಲೀಜು. ಡಿಸೆಂಬರಲ್ಲಿ ಒಂದಿನ ಅಲ್ಲೇ ಕೂತು ಅವರೆಕಾಳು ಹಿಸುಕ್ತಿದ್ದೆ. ಇದ್ದಕ್ಕಿದ್ದಂಗೆ ಪಾರಿವಾಳಗಳೆಲ್ಲ ದಡಕ್ಕನೆ ಎದ್ವು. ಮೇಲಿಂದ ಕಲ್ಲು ಬಿದ್ದಂಗೆ ಒಂದು ಹಕ್ಕಿ ಬಂದು ಗಾಳೀಲೇ ಒಂದನ್ನ ಹೊಡೀತು. ಎದುರು ಕಟ್ಟಡದ ನೀರಿನ ಟ್ಯಾಂಕ್ ಮೇಲೆ ಕೂತು ಪುಕ್ಕ ಕೀಳಕ್ಕೆ ಶುರು ಮಾಡ್ತು. ಬೂದಿ ಬೆನ್ನು, ಕಣ್ಣಿನ ಕೆಳಗೆ ಕಪ್ಪು ಮೀಸೆ.

ಮೊಮ್ಮಗಳು "ಕೆಟ್ಟ ಹಕ್ಕಿ ಅಜ್ಜಿ" ಅಂತ ಅತ್ತುಬಿಟ್ಳು. ಅದು ಪೆರಿಗ್ರೀನ್ ಫಾಲ್ಕನ್, ಡೇಗೆ ಜಾತಿ ಅಂತ ಮಗ ಹೇಳ್ದ. ಸೈಬೀರಿಯಾ ಕಡೆ ಮರಿ ಮಾಡಿ, ಅಲ್ಲಿ ಹಿಮ ಬೀಳೋ ಹೊತ್ತಿಗೆ ಸಾವಿರಾರು ಕಿಲೋಮೀಟರ್ ಹಾರಿ ಇಲ್ಲಿಗೆ ಬರುತ್ತಂತೆ. ಎರಗುವಾಗ ಗಂಟೆಗೆ 300 ಕಿಲೋಮೀಟರ್‌ಗಿಂತ ಜಾಸ್ತಿ ವೇಗ! ಎತ್ತರದ ಕಟ್ಟಡ ಅದಕ್ಕೆ ಬೆಟ್ಟದ ಬಂಡೆ ಇದ್ದಂಗೆ. ಕೆಳಗೆ ಪಾರಿವಾಳಕ್ಕೇನು ಬರ. ಬೇಸಿಗೆ ಶುರುವಾದ್ರೆ ತನ್ನೂರಿಗೆ ವಾಪಸ್.

"ಕೆಟ್ಟದ್ದಲ್ಲ ಪುಟ್ಟ, ಹೊಟ್ಟೆಪಾಡು" ಅಂದೆ. ಅಂದಾಗ ನಮ್ಮ ಯಜಮಾನ್ರು ನೆನಪಾದ್ರು. 2001ರ ಫೆಬ್ರವರಿ 28ಕ್ಕೆ ಕೆ.ಜಿ.ಎಫ್. ಗಣಿ ಮುಚ್ತು. ಕೈಗೆ ಬಂದ ದುಡ್ಡಲ್ಲಿ ಈ ಮನೆ ಕಟ್ಟಿದ್ರು. ಭೂಮಿ ಒಳಗೆ ಇಳೀತಿದ್ದೋರು ಬೆಂಗಳೂರಲ್ಲಿ ಎತ್ತರದ ಕಟ್ಟಡಕ್ಕೆ ಸೆಕ್ಯೂರಿಟಿ ಆದ್ರು. ಮಾರಿಕುಪ್ಪಂ ರೈಲು ಇಲ್ಲಿಗೆ ಬರೋ ಹೊತ್ತಿಗೇ ತುಂಬಿರ್ತಿತ್ತು, ನಿಂತ್ಕೊಂಡೇ ಹೋಗೋರು. "ಅಲ್ಲೇ ಒಂದು ರೂಮ್ ಮಾಡಣ" ಅಂದ್ರೆ "ಅನ್ನ ಅಲ್ಲೈತೆ, ಮನೆ ಇಲ್ಲೈತೆ" ಅನ್ನೋರು. ಆಗ ನಂಗೆ ಸಿಟ್ಟು ಬರ್ತಿತ್ತು. ಅವರು ಹೋಗಿ ಮೂರು ವರ್ಷ ಆಯ್ತು.

ಸಂಕ್ರಾಂತಿ ಆದ್ಮೇಲೆ ಮಗ "ಬಂಗಾರಪೇಟೆ ಮನೆ ಮಾರ್ಬಿಡಣಮ್ಮ, ಒಬ್ಬಳೇ ಯಾಕಿರ್ತೀಯ" ಅಂದ. ಅವನು ಹೇಳೋದ್ರಲ್ಲಿ ತಪ್ಪಿಲ್ಲ. ನಂಗೂ ಮಂಡಿ ನೋವು. ಎರಡು ತಿಂಗಳು ಉತ್ತರ ಕೊಡ್ದೆ ತಳ್ಳಿದೆ.

ಮಾರ್ಚಲ್ಲಿ ನೋಡಿದ್ರೆ ಟ್ಯಾಂಕ್ ಮೇಲೆ ಹಕ್ಕಿ ಇಲ್ಲ. ನಾಲ್ಕು ದಿನ ಕಾದೆ, ಬರ್ಲಿಲ್ಲ. ಅವತ್ತು ರಾತ್ರಿ ಊಟಕ್ಕೆ ಬಡಿಸ್ತಾ ಹೇಳ್ದೆ, "ಮನೆ ಮಾರಬೇಡ. ಚಳಿಗಾಲಕ್ಕೆ ಬರ್ತೀನಿ, ಮೊಮ್ಮಗಳ ಜೊತೆ ಇರ್ತೀನಿ. ಬೇಸಿಗೆಗೆ ಕಳಿಸ್ಬಿಡು." ಅವನು ತುಂಬ ಹೊತ್ತು ಮಾತಾಡ್ಲಿಲ್ಲ. ಬೆಳಗ್ಗೆ ಅವನೇ ರೈಲು ಹತ್ತಿಸಿದ.

ಬಂದು ಬೀಗ ತೆಗೆದ್ರೆ ಮನೆ ತುಂಬ ಧೂಳು. ಈಗ ಮಾಳಿಗೆ ಮೇಲೆ ಹುಣಿಸೆಹಣ್ಣು ಒಣ ಹಾಕಿದ್ದೀನಿ, ಬಿಸಿಲು ಚೆನ್ನಾಗೈತೆ. ಬೇಕಾದೋರು ಡಬ್ಬ ತಗೊಂಡು ಬನ್ನಿ.