ಯಜಮಾನರಿಲ್ಲದ ಮನೆ

ಭವಿಷ್ಯತ್ಕಾಲದ ಕಥೆಗಳೆಂದರೆ ನನಗೆ ಮೊದಲು ತಾತ್ಸಾರವಿದ್ದಿತು. ನಾಳೆಯ ಸುಳ್ಳನ್ನು ಇಂದೇಕೆ ಓದಬೇಕು ಎನ್ನುತ್ತಿದ್ದೆನು. ಅಮೆರಿಕದ ರೇ ಬ್ರ್ಯಾಡ್‌ಬರಿಯು 1950ರಲ್ಲಿ ಪ್ರಕಟಿಸಿದ ‘ದೇರ್ ವಿಲ್ ಕಮ್ ಸಾಫ್ಟ್ ರೇನ್ಸ್’ ಎಂಬ ಸಣ್ಣ ಕಥೆಯು ಆ ಗರ್ವವನ್ನು ಮುರಿಯಿತು. ಅದರಲ್ಲಿ ಯಂತ್ರಮಯವಾದ ಮನೆಯೊಂದು ಹೊತ್ತಿಗೆ ಸರಿಯಾಗಿ ಕೂಗಿ ಎಬ್ಬಿಸುತ್ತದೆ, ಉಪಾಹಾರವನ್ನು ಅಣಿಮಾಡುತ್ತದೆ, ನೆಲವನ್ನು ಶುಚಿಮಾಡುತ್ತದೆ. ಉಣ್ಣುವವರು ಮಾತ್ರ ಇಲ್ಲ. ಪರಮಾಣು ಬಾಂಬಿನ ಉರಿಗೆ ಸಿಕ್ಕಿದ ಆ ಸಂಸಾರವು ಹೊರಗೋಡೆಯ ಮೇಲೆ ಬರಿಯ ನೆರಳಾಗಿ ಉಳಿದಿದೆ. 1945ರಲ್ಲಿ ಹಿರೋಶಿಮಾದ ಕಲ್ಲಿನ ಮೇಲೆ ಮೂಡಿದ ನೆರಳನ್ನು ನೆನೆದಾಗ, ಇದನ್ನು ಸುಳ್ಳೆನ್ನಲು ನನಗೆ ನಾಲಗೆ ಏಳಲಿಲ್ಲ.

ನನ್ನ ತಾಯಿಯವರು ತೀರಿಕೊಂಡ ಮರುದಿನ ಬೆಳಗಿನ ಐದು ಗಂಟೆಗೆ, ಅವರೇ ಕೀಲಿ ಕೊಟ್ಟಿಟ್ಟಿದ್ದ ಗಡಿಯಾರವು ಎಂದಿನಂತೆ ಬಾರಿಸಿತು. ಅದನ್ನು ನಿಲ್ಲಿಸಲು ಕೈ ಬರಲಿಲ್ಲ. ಬ್ರ್ಯಾಡ್‌ಬರಿಯು ನಾಳೆಯದೆಂದು ಬರೆದ ಸದ್ದನ್ನು ನಾನು ಅಂದೇ ಕೇಳಿದ್ದೆನು.